ಹಲಸಿನ ಹೊಸ್ತಿಲು

ಹೋದ ವಾರ ಅರಸೀಕೆರೆಯಲ್ಲಿ ಬಸ್ಸಿಗೆ ಕಾಯುತ್ತಾ ಹೊಲಿಗೆ ಮಿಷನ್ ರಿಪೇರಿ ಮಾಡುವ ಅಂಗಡಿಯೊಂದರ ಮುಂದೆ ನಿಂತಿದ್ದೆ. ಒಳಗೆ ಯಾರೋ ಮಿಷನ್ನಿನ ತಲೆ ಬಿಚ್ಚಿ ಎಣ್ಣೆ ಬಿಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಹೆಂಗಸು ಕಣ್ಣಿಗೆ ಧೂಳು ಬಿತ್ತೇನೋ ಎಂದು ವಿಚಾರಿಸಿದಳು. ಹೌದು, ಧೂಳೇ ಎಂದೆ. ಎಣ್ಣೆ ವಾಸನೆಗೆ ಅಳುವುದನ್ನು ವಿವರಿಸುತ್ತಾ ಕೂತರೆ ಬಸ್ಸು ಬಿಡಬೇಕಲ್ಲ.

ನಮ್ಮ ಹೊಲಿಗೆ ಅಕ್ಕನ ಸೆರಗಿನಲ್ಲಿ, ಕೈಯಲ್ಲಿ, ಅವಳು ಕೊಡುವ ಕಾಫಿ ಲೋಟದಲ್ಲೂ ಅದೇ ವಾಸನೆ ಇರುತ್ತಿತ್ತು. ಹಳೇಬೀಡಿಗೆ ಹತ್ತಿರದ ನಮ್ಮೂರಿನಲ್ಲಿ ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಪೋಲಿಯೊ ಬಂದು ಚಿಕ್ಕಂದಿನಲ್ಲೇ ಅವಳ ಎರಡೂ ಕಾಲು ಹೋಗಿದ್ದವು. ಕಾಲಲ್ಲಿ ತುಳಿಯುವ ಮಿಷನ್ ಅವಳಿಗೆ ಆಗದು. ಕೈಯಲ್ಲಿ ತಿರುಗಿಸುವ ಮಿಷನ್ ಇಟ್ಟುಕೊಂಡು, ನೆಲದ ಮೇಲೆ ಕೂತು, ಊರಿನ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಅಳತೆ ಕೊಡುವಾಗ ನಾವು ಹೊಟ್ಟೆ ಒಳಗೆಳೆದುಕೊಂಡರೆ, "ಬಿಡೇ ಉಸ್ರು, ನಾಳೆಯಿಂದ ಉಣ್ಣಲ್ವಾ ನೀನು?" ಎಂದು ರೇಗಿಸುತ್ತಿದ್ದಳು.

ಅವಳ ಮನೆಯ ಬಾಗಿಲಿಗೆ ಹೊಸ್ತಿಲು ಇರಲಿಲ್ಲ. ತೆವಳಿಕೊಂಡು ಒಳಗೂ ಹೊರಗೂ ಓಡಾಡುವ ಮಗಳಿಗೆ ಮಂಡಿ ತರಚುತ್ತದೆಂದು ಅವಳ ಅಪ್ಪನೇ ಗರಗಸ ಹಿಡಿದು ಕೊಯ್ದು ಹಾಕಿದ್ದರಂತೆ. ಆ ವರ್ಷ ತುಂಬುವುದರೊಳಗೆ ಅವರು ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಹೊಸ್ತಿಲು ಕೊಯ್ದದ್ದಕ್ಕೇ ಹೋದರು ಎಂದು ಊರು ತೀರ್ಮಾನ ಮಾಡಿತು. ನಮ್ಮ ಕಡೆ ಹೊಸ್ತಿಲೆಂದರೆ ಲಕ್ಷ್ಮಿ. ಅರಿಶಿನ ಕುಂಕುಮ ಇಡುತ್ತೇವೆ, ತುಳಿಯುವುದಿಲ್ಲ, ದಾಟುತ್ತೇವೆ. ದಾಟಲಾಗದವರ ವಿಚಾರ ಯಾರಿಗೂ ಬಂದಿರಲಿಲ್ಲ.

ಆಮೇಲೆ ಕೈಯಲ್ಲಿ ಪೆಡಲ್ ತಿರುಗಿಸುವ ಮೂರು ಗಾಲಿಯ ಗಾಡಿ ಬಂತು ನೋಡಿ, ಅಕ್ಕನನ್ನು ಹಿಡಿಯುವವರೇ ಇಲ್ಲದಂತಾಯಿತು. ಮಧ್ಯಾಹ್ನದವರೆಗೆ ಹೊಲಿಗೆ, ಮಧ್ಯಾಹ್ನದ ಮೇಲೆ ಊರ ಕೆಲಸ. ಒಂದು ದಿನ ಹಳೇಬೀಡಿನ ಬಸ್ ನಿಲ್ದಾಣದಲ್ಲಿ, ಹುಲಿಕೆರೆ ಕಡೆಯ ಊರುಗೋಲಿನ ಮುದುಕನೊಬ್ಬ ಹತ್ತುವ ಮೊದಲೇ ಬಸ್ಸು ಹೊರಟಿತು. ಅಕ್ಕ ತನ್ನ ಗಾಡಿಯನ್ನು ಸೀದಾ ಬಸ್ಸಿನ ಮೂತಿಗೆ ಅಡ್ಡ ಹಾಕಿದಳು. ಡ್ರೈವರ್ ಹಾರನ್ ಹೊಡೆದ. ಅಕ್ಕ ತನ್ನ ಗಾಡಿಯ ಗಂಟೆ ಹೊಡೆದಳು. ಅವನು ಇನ್ನೊಮ್ಮೆ ಹೊಡೆದ, ಅವಳೂ ಹೊಡೆದಳು. ಕೊನೆಗೆ ಕಂಡಕ್ಟರ್ ಇಳಿದು ಬಂದು ಮುದುಕನ ಕೈ ಹಿಡಿದು ಹತ್ತಿಸಿದ. ಬಸ್ಸಿನಲ್ಲಿದ್ದವರೆಲ್ಲ ನಗುತ್ತಿದ್ದರು. ಅಕ್ಕ ಮಾತ್ರ ನಗಲಿಲ್ಲ.

ಅವಳಿಗೆ ಒಂದು ಹಟವಿತ್ತು: ಯಾರೂ ತನ್ನನ್ನು ಎತ್ತಕೂಡದು. ಪಂಚಾಯ್ತಿ ಕಚೇರಿಗೆ ಮೆಟ್ಟಿಲಿದೆ, ಎತ್ತಿ ಒಳಗೆ ಕೂರಿಸುತ್ತೇವೆ ಬಾ ಎಂದರೆ ಒಪ್ಪುತ್ತಿರಲಿಲ್ಲ. ಕೆಳಗೇ ಗಾಡಿ ನಿಲ್ಲಿಸಿಕೊಂಡು, "ನಾನು ಬರಕ್ಕಾಗಲ್ಲ, ನೀವೇ ಇಳೀರಿ" ಎಂದು ಕೂಗುತ್ತಿದ್ದಳು. ಅಧ್ಯಕ್ಷರು ಗೊಣಗುತ್ತಾ ಇಳಿದು ಬರುತ್ತಿದ್ದರು. ಏನು ಜಂಬ ಇವಳಿಗೆ ಎಂದು ನಾನೂ ಒಳಗೊಳಗೇ ಅಂದುಕೊಂಡದ್ದುಂಟು.

ನನ್ನ ಮಗಳು ಹುಟ್ಟಿದಾಗಲೇ ಉಸಿರು ಕಟ್ಟಿಕೊಂಡಿದ್ದವಳು. ಮಾತು, ಬುದ್ಧಿ ಎಲ್ಲ ಚುರುಕು. ಕಾಲು ಮಾತ್ರ ಬಿಗಿ. ದಿನಾ ಎಳೆದು, ಮಡಚಿ, ನಿಲ್ಲಿಸಿ ವ್ಯಾಯಾಮ ಮಾಡಿಸದಿದ್ದರೆ ಮಂಡಿ ಮಡಚಿದ ಹಾಗೇ ನಿಂತುಬಿಡುತ್ತದೆ ಎಂದು ಬೇಲೂರಿನ ಫಿಸಿಯೋಥೆರಪಿ ಮೇಡಂ ಹೇಳಿದ್ದರು. ಬೆಳೆಯುವ ಮಗುವನ್ನು ಸೊಂಟದ ಮೇಲೆ ಹೊತ್ತು ಎರಡು ಬಸ್ಸು ಬದಲಿಸಿ ಬೇಲೂರಿಗೆ ಹೋಗಿ ಬರುವಷ್ಟರಲ್ಲಿ ನನ್ನ ಹೆಣ ಬೀಳುತ್ತಿತ್ತು. ಸುತ್ತಮುತ್ತಲ ಹಳ್ಳಿಗಳಲ್ಲಿ ಇಂಥ ಮಕ್ಕಳು ಇನ್ನೂ ಇದ್ದರು. ಅವರನ್ನೆಲ್ಲ ಮನೆ ಮನೆಗೆ ಹೋಗಿ ಹುಡುಕಿ ತೆಗೆದವಳು ಅಕ್ಕ. ಕೆಲವರನ್ನು ಒಳಕೋಣೆಯಿಂದ ಹೊರಗೆ ತರಿಸಲು ಬಾಗಿಲಲ್ಲೇ ಜಗಳ ಆಡಬೇಕಾಯಿತು. ಊರಲ್ಲಿ ಒಂದು ಕೋಣೆ ಕೊಟ್ಟರೆ ವಾರಕ್ಕೊಮ್ಮೆ ತಾನೇ ಬರುತ್ತೇನೆಂದು ಮೇಡಂ ಒಪ್ಪಿದರು.

ನನ್ನ ಕಾಲು ಹೋದದ್ದು ಹೋಯಿತು, ಈ ಮಕ್ಕಳದ್ದು ಹೋಗಬಾರದು... ಇಷ್ಟೇ ಅಕ್ಕನ ಮಾತು. ಪಂಚಾಯ್ತಿಯವರು ಹಾಳು ಬಿದ್ದಿದ್ದ ಉಗ್ರಾಣದ ಕೋಣೆ ಕೊಟ್ಟರು. ನಾಲ್ಕು ಮೆಟ್ಟಿಲು ಒಡೆದು ಇಳಿಜಾರು ಮಾಡಿಸಿದರು. ಗೋಡೆಗೆ ಮಕ್ಕಳು ಹಿಡಿದು ನಿಲ್ಲಲು ಕಬ್ಬಿಣದ ಕಂಬಿ ಬಂತು. ಬಾಗಿಲು ಅಗಲ ಇರಲಿ ಎಂದು ಅಕ್ಕ ಹೇಳಿದ್ದಳು, ಅವಳ ಗಾಡಿ ಹಿಡಿಸುವಷ್ಟು ಅಗಲದ ಜೋಡಿ ಬಾಗಿಲು ಇಡಿಸಿದರು.

ಆ ಬಾಗಿಲು ನಮ್ಮೂರಿನ ಕೊಬ್ಬರಿ ಯಜಮಾನರ ಸೇವೆ. ಅರಸೀಕೆರೆ ಮಂಡಿಯಲ್ಲಿ ಹೆಸರಿದ್ದ ವ್ಯಾಪಾರಿ, ಮಠದ ಭಕ್ತರು, ಹೆಣ್ಣುಮಕ್ಕಳನ್ನೆಲ್ಲ ತಾಯಿ ಎನ್ನುವವರು. ತಮ್ಮ ಮನೆಗೆಂದು ಇಟ್ಟುಕೊಂಡಿದ್ದ ಹಲಸಿನ ಮರವನ್ನೇ ಕೊಟ್ಟರು. ಉಗ್ರಾಣದ ಹಳೇ ಚೌಕಟ್ಟಿಗೆ ಹೊಸ್ತಿಲಿರಲಿಲ್ಲ. "ಕೈಲಾಗದವ್ರ ಜಾಗ ಅಂತ ಕೊಟ್ಟಿಗೆ ಬಾಗ್ಲು ಇಡಕ್ಕಾಗ್ತದಾ? ನಮ್ಮನೆಗೆ ಹೆಂಗೋ ಇಲ್ಲಿಗೂ ಹಂಗೇ" ಎಂದು ಬಡಗಿಗೆ ಹೇಳಿ, ಒಂದು ಗೇಣು ಎತ್ತರದ ಹೊಸ್ತಿಲಿಟ್ಟು ತಾವರೆ ಕೆತ್ತಿಸಿದರು. ಆ ಮನುಷ್ಯ ಇದನ್ನು ಪ್ರೀತಿಯಿಂದಲೇ ಮಾಡಿದರು. ಇದನ್ನು ನಾನು ಎಷ್ಟು ಸಲ ನೆನಪಿಸಿಕೊಂಡರೂ ಹೊಟ್ಟೆ ಉರಿಯುವುದು ನಿಂತಿಲ್ಲ.

ಪ್ರಾರಂಭದ ದಿನ ಮಠದಿಂದ ಸ್ವಾಮಿಗಳು ಬಂದರು. ಯಜಮಾನರ ಮನೆಯ ಹೆಂಗಸರು ಹೊಸ್ತಿಲು ಪೂಜೆ ಮಾಡಿದರು. ಮೊದಲು ಒಳಗೆ ಹೋಗಬೇಕಾದವಳು ಅಕ್ಕ. ಹೊಸ ಸೀರೆ ಉಟ್ಟು, ಮುಡಿ ತುಂಬ ಹೂವು ಮುಡಿದು, ಇಳಿಜಾರಿನಲ್ಲಿ ಸರಸರ ಗಾಡಿ ಓಡಿಸಿಕೊಂಡು ಹತ್ತಿದಳು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಗಾಲಿ ಹೊಸ್ತಿಲಿಗೆ ಬಡಿದು ನಿಂತಿತು. ಚೂರು ಹಿಂದೆ ಸರಿದು ಮತ್ತೆ ಬಂದಳು, ಮತ್ತೆ ಬಡಿಯಿತು. ಚಪ್ಪಾಳೆ ಒಂದೊಂದಾಗಿ ನಿಂತವು. ಬಾಗಿಲು ಕೂರಿಸಿದ್ದು ಹಿಂದಿನ ರಾತ್ರಿಯಷ್ಟೇ. ಹೊಸ್ತಿಲಿಲ್ಲದ ಮನೆಯಲ್ಲೇ ಬೆಳೆದವಳಿಗೆ ಹೊಸ್ತಿಲು ಬೇಡವೆಂದು ಮೊದಲೇ ಹೇಳಬೇಕೆಂಬುದು ಹೊಳೆದಿರಲಿಲ್ಲ. ನಮಗೆ ಅದು ಬಾಧಕವೆಂದೇ ಹೊಳೆದಿರಲಿಲ್ಲ.

"ಅಯ್ಯೋ, ನಾವಿಲ್ವಾ ಎತ್ತಕ್ಕೆ?" ಎಂದು ಆಟೋ ಸ್ಟ್ಯಾಂಡಿನ ನಾಲ್ಕು ಜನ ಓಡಿ ಬಂದರು. ಅಕ್ಕ ಅವರ ಕೈ ತಳ್ಳಿದಳು. ಸ್ವಾಮಿಗಳ ಎದುರಿಗೇ, "ಮುಟ್ಬೇಡಿ" ಎಂದು ಚೀರಿದಳು. ಗಾಡಿ ತಿರುಗಿಸಿಕೊಂಡು ಇಳಿದು ಹೋದಳು. ಯಜಮಾನರ ಮುಖ ಕಪ್ಪಿಟ್ಟಿತು.

ಮರುದಿನದಿಂದ ಅದೇ ಮಾತು. ಹೊಸ್ತಿಲು ಕೊಯ್ಯಿಸಿ ಎಂದು ಅಕ್ಕ. ಪೂಜೆ ಆದದ್ದಕ್ಕೆ ಗರಗಸ ಇಡುವುದಿಲ್ಲ ಎಂದು ಬಡಗಿ. "ನಿಮ್ಮಪ್ಪ ಕೊಯ್ದು ಏನಾಗಿ ಹೋದ್ರು ನೆನಪೈತಾ?" ಎಂದು ಅವಳ ಮುಖಕ್ಕೇ ಕೇಳಿದ. ಹೊಸ್ತಿಲ ಮೇಲೆ ಹಾಯುವಂತೆ ಅಕ್ಕ ಒಂದು ಹಲಗೆ ಹಾಕಿಸಿದಳು. ಲಕ್ಷ್ಮಿ ಮೇಲೆ ಗಾಲಿ ಹರಿಸುವುದೇ ಎಂದು ಅದನ್ನು ಯಾರೋ ಬೆಳಗಾಗುವುದರೊಳಗೆ ತೆಗೆದು ಒಲೆಗೆ ಹಾಕಿದ್ದರು. ಕೊಟ್ಟ ಕೈಯನ್ನೇ ಕಚ್ಚಿದಳು ಎಂದು ಊರೆಲ್ಲ ಆಡಿಕೊಂಡಿತು. ಅಧ್ಯಕ್ಷರಿಗೆ ಯಜಮಾನರ ಮನಸ್ಸು ನೋಯಿಸುವುದು ಬೇಕಿರಲಿಲ್ಲ. ಇಬ್ಬರೂ ಒಂದು ಮಾತಿಗೆ ಬರಲಿ ಎಂದು ಕೋಣೆಗೆ ಬೀಗ ಹಾಕಿಸಿದರು.

ಮೇಡಂ ಬಂದರು, ಬೀಗ ನೋಡಿ ಹೋದರು. ಮುಂದಿನ ವಾರವೂ ಹಾಗೇ ಆಯಿತು. ಗೆಂಡೆಹಳ್ಳಿ ಕಡೆಯವರು ಕರೆಯುತ್ತಿದ್ದಾರೆ, ಇಲ್ಲಿ ಆಗದಿದ್ದರೆ ಅಲ್ಲಿಗೆ ಹೋಗುತ್ತೇನೆ ಎಂದರು. ಮಗಳನ್ನು ಎತ್ತಿಕೊಂಡು, ಅಕ್ಕನಿಗೆ ನಾಲ್ಕು ಮಾತು ಅಂದೇಬಿಡುತ್ತೇನೆಂದು ಅವಳ ಮನೆಗೆ ನುಗ್ಗಿದೆ. ಅವಳು ಮಿಷನ್ ತಿರುಗಿಸುತ್ತಿದ್ದಳು. ನಾನು ಬಾಯಿ ತೆಗೆಯುವ ಮೊದಲೇ ಮಿಷನ್ ನಿಲ್ಲಿಸಿ, ಮಗಳ ಕಾಲು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಮೆಲ್ಲಗೆ ಎಳೆದು ನೋಡಿದಳು.

"ಬಿಗಿ ಆಗೈತೆ ಅಲ್ವೇನೇ?"

ತಲೆ ಆಡಿಸಿದೆ. ಅವಳು ಬಹಳ ಹೊತ್ತು ಆ ಕಾಲು ನೀವುತ್ತಾ ಕೂತಿದ್ದಳು.

"ಬೀಗ ತೆಗ್ಸಕ್ಕೆ ಹೇಳು. ಎತ್ತೋರ್ನೂ ಕರಿ. ಬತ್ತೀನಿ."

ಆ ವಾರ ಅವಳು ಯಜಮಾನರ ಕಾಲಿಗೆ ಕೈ ಮುಗಿದಳು. ನಾಲ್ಕು ಜನ ಗಂಡಸರು ಕಂಕುಳಿಗೆ, ತೊಡೆಗೆ ಕೈ ಹಾಕಿ ಅವಳನ್ನು ಎತ್ತಿದರು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಒಳಗೆ ಚಾಪೆಯ ಮೇಲೆ ಇಳಿಸಿದಾಗ ಜನ ಮತ್ತೆ ಚಪ್ಪಾಳೆ ತಟ್ಟಿದರು. ಅದಾದ ಮೇಲೆ, ಎತ್ತಿಸಿಕೊಳ್ಳುವ ದಿನಕ್ಕೆಂದೇ ಅವಳು ಕತ್ತಿನಿಂದ ಹಿಮ್ಮಡಿವರೆಗೂ ಮುಚ್ಚುವ, ಪಕ್ಕಕ್ಕೆಲ್ಲ ದಾರ ಕಟ್ಟುವ ದಪ್ಪ ಬಟ್ಟೆಯ ಅಂಗಿ ಹೊಲಿದುಕೊಂಡಳು. ಬೇಸಿಗೆಯಲ್ಲೂ ಅದನ್ನೇ ಹಾಕಿಕೊಂಡು ಬರುತ್ತಿದ್ದಳು. ಯಾಕೆ ಎಂದು ಯಾರೂ ಕೇಳಲಿಲ್ಲ.

ಕೋಣೆ ನಡೆಯಿತು. ಹಳೇ ಸೀರೆಗಳಲ್ಲಿ ಮರಳು ತುಂಬಿ ಮಕ್ಕಳ ಕಾಲಿಗೆ ಕಟ್ಟುವ ಚೀಲ ಹೊಲಿದು ತಂದಳು. ಅಳುವ ಮಕ್ಕಳನ್ನು ಅಣಕಿಸಿ ನಗಿಸುತ್ತಿದ್ದಳು. ನನ್ನ ಮಗಳು ಒಂದು ದಿನ ಕಂಬಿ ಹಿಡಿದು, ಯಾರ ಆಸರೆಯೂ ಇಲ್ಲದೆ, ನಿಂತೇಬಿಟ್ಟಳು. ಅಕ್ಕ ನೆಲದಿಂದ ಅವಳ ಮುಖವನ್ನು ಕತ್ತೆತ್ತಿ ನೋಡುತ್ತಾ, "ಏನೇ, ನನ್ಗಿಂತ ಉದ್ದ ಆಗ್ಬಿಟ್ಯಲ್ಲೇ!" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ಸಂತೋಷ ನನ್ನ ಜನ್ಮದಲ್ಲಿ ಮತ್ತೆ ಬರಲಿಲ್ಲ.

ಎತ್ತುವವರು ಕ್ರಮೇಣ ಕಮ್ಮಿಯಾದರು. ಬಾಡಿಗೆ ಬಂದರೆ ಆಟೋದವರು ಹೋಗಲೇಬೇಕಲ್ಲ. ಒಂದು ಮಳೆಯ ದಿನ ಇಬ್ಬರೇ ಇದ್ದರು, ಅವರಿಗೂ ಅವಸರವಿತ್ತು. ಕೈ ಜಾರಿತು. ಅವಳ ಸೊಂಟ ಸೀದಾ ಹೊಸ್ತಿಲ ಅಂಚಿಗೆ ಬಿತ್ತು. ಆ ಸದ್ದು... ಬೇಡ, ಅದನ್ನು ಬರೆಯಲಾರೆ.

ಮೂಳೆ ಕೂಡಲಿಲ್ಲ. ಮಲಗಿದಲ್ಲೇ ಬೆನ್ನೆಲ್ಲ ಹುಣ್ಣಾಯಿತು. ಜ್ವರಕ್ಕೆ ಮಾತು ತೊದಲುವ ದಿನಗಳಲ್ಲೂ ನನ್ನ ಕೈ ಹಿಡಿದು, "ನಿನ್ ಮಗ್ಳು ಭಾರ ಆಗೋದ್ರೊಳ್ಗೆ ಅದನ್ನ ಕೊಯ್ಸೇ" ಎಂದಳು. ಆಯ್ತಕ್ಕ ಎಂದೆ. ಸಾಯುವವರ ಹತ್ತಿರ ಇನ್ನೇನು ಹೇಳುತ್ತಾರೆ? ಅವಳು ಹೋದ ಮೇಲೆ ಊರು ಹೊಸ ತೀರ್ಮಾನಕ್ಕೆ ಬಂತು: ಹೊಸ್ತಿಲ ವಿಷಯಕ್ಕೆ ಹೋದವಳನ್ನು ಹೊಸ್ತಿಲೇ ತೆಗೆದುಕೊಂಡಿತು. ಈಗ ಅದನ್ನು ಮುಟ್ಟುವುದಿರಲಿ, ಮುಂದೆ ಹಾದುಹೋಗುವವರು ಬಗ್ಗಿ ಕೈ ಮುಗಿಯುತ್ತಾರೆ.

ಇಷ್ಟು ವರ್ಷ ನಾನೇ ಮಗಳನ್ನು ಎತ್ತಿ ದಾಟಿಸುತ್ತಿದ್ದೆ. ಈಗ ಅವಳಿಗೆ ಹದಿನಾರು. ನನ್ನ ಬೆನ್ನು ಬಿದ್ದುಹೋಗಿದೆ. ಆಟೋ ಸ್ಟ್ಯಾಂಡಿನವರು ಈಗಲೂ ಓಡಿ ಬರುತ್ತಾರೆ, ಒಳ್ಳೆಯ ಹುಡುಗರೇ. ಮಗಳು ವೀಲ್‌ಚೇರಿನ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡು, "ಬೇಡ ಅಮ್ಮ, ಅವ್ರು ಮುಟ್ಟೋದು ಬೇಡ" ಎನ್ನುತ್ತಾಳೆ. ಆ ದಪ್ಪ ಬಟ್ಟೆಯ ಅಂಗಿ ನನಗೆ ಆಗ ಅರ್ಥವಾಯಿತು. ಮೇಡಂ ಒಳಗಿನ ಮಕ್ಕಳನ್ನು ನೋಡಿ ಹೊರಗೆ ಬರುತ್ತಾರೆ. ಇಳಿಜಾರಿನಲ್ಲೇ ಕೂತು ಅವಳ ಕಾಲು ನೀವುತ್ತಾರೆ. ಹಿಡಿದು ನಿಲ್ಲುವ ಕಂಬಿ ಒಳಗಿದೆ. ಮನೆಯಲ್ಲಿ ನನಗೆ ಗೊತ್ತಿದ್ದಷ್ಟು ಮಾಡಿಸುತ್ತೇನೆ. ಮಂಡಿ ಮಡಚುತ್ತಾ ಬಂದಿದೆ. ಇನ್ನೂ ಸ್ವಲ್ಪ ಹೀಗೇ ಬಿಟ್ಟರೆ ಬಿಚ್ಚಲಾಗುವುದಿಲ್ಲ ಎಂದು ಮೇಡಂ ಈ ಸಲ ನನ್ನ ಮುಖ ನೋಡದೆ ಹೇಳಿದರು.

ಯಜಮಾನರ ಮನೆಗೆ ಹೋದೆ. ಈಗ ಅವರಿಗೆ ಬಹಳ ವಯಸ್ಸು. ಮಾತು ಕೇಳಿಸಿಕೊಂಡರು, ಕಣ್ಣು ಒರೆಸಿಕೊಂಡರು. "ನನ್ ಕಣ್ಮುಂದೆ ಬೇಡ ತಾಯಿ. ಪೂಜೆ ಮಾಡ್ಸಿ ಇಡ್ಸಿದ್ದು ನಾನು. ನಾನು ಹೋದ್ಮೇಲೆ ಹೆಂಗಾದ್ರೂ ಮಾಡ್ಕಳಿ" ಎಂದರು. ಅವರ ಮಾತಿಲ್ಲದೆ ಬಡಗಿ ಗರಗಸ ಹಿಡಿಯುವುದಿಲ್ಲ, ಅಧ್ಯಕ್ಷರು ಬಾಯಿ ಬಿಡುವುದಿಲ್ಲ.

ದಿನಾ ಬೆಳಿಗ್ಗೆ ಯಜಮಾನರು ಪೂಜೆಗೆ ಹೂವು ಕೊಯ್ದುಕೊಂಡು ನಮ್ಮ ಬಾಗಿಲ ಮುಂದೆಯೇ ಹೋಗುತ್ತಾರೆ. ಬೆನ್ನು ಬಾಗಿಲ್ಲ. ನಡಿಗೆ ಗಟ್ಟಿ. "ಮಗ್ಳು ಹೆಂಗವ್ಳೆ ತಾಯಿ?" ಎಂದು ನಿಂತು ಕೇಳುತ್ತಾರೆ, ಮನಸ್ಸಿನಿಂದಲೇ ಕೇಳುತ್ತಾರೆ. ಚೆನ್ನಾಗಿದ್ದಾಳೆ ಎನ್ನುತ್ತಾ ನಾನು ಅವರ ಮುಖದಲ್ಲಿ ಹುಡುಕುತ್ತೇನೆ: ನಿನ್ನೆಗಿಂತ ಇಳಿದಿದ್ದಾರೋ, ಉಸಿರು ಎಳೆಯುತ್ತಿದ್ದಾರೋ... ಒಂದು ಕೆಮ್ಮು ಕೇಳಿದರೂ ನನ್ನ ಎದೆಯಲ್ಲಿ ಏನೋ ಎದ್ದು ಕೂರುತ್ತದೆ. ಒಬ್ಬ ಒಳ್ಳೆಯ ಮನುಷ್ಯನ ಸಾವನ್ನು ಬೆಳಿಗ್ಗೆ ಎದ್ದು ಕಾಯುವ ಹೆಂಗಸಾಗಿದ್ದೇನೆ. ಇದನ್ನು ಗಂಡನಿಗೆ ಹೇಳಲಾಗದು, ದೇವರಿಗೆ ಹೇಳಲಾಗದು. ಗೋಡೆಯಾಚೆಗಿನ ಅಕ್ಕನಿಗೆ ಹೇಳಿಕೊಳ್ಳೋಣವೆಂದರೆ ಅವಳಿಲ್ಲ.