ಲ್ಯಾಬಿಗೆ ಬಂದ ಬೂದುಗುಂಬಳ

ಎರಡು ಸಾವಿರದ ಇಸವಿ ದಾಟಿದ ಹೊಸತು. ಅರಸೀಕೆರೆಯ ಒಂದು ಕಾಲೇಜಿನ ಬಯೋಟೆಕ್ನಾಲಜಿ ಲ್ಯಾಬಿನಲ್ಲಿ ನಾನು ಅಟೆಂಡರ್. ಓದಿದ್ದು ನಾಲ್ಕನೇ ಕ್ಲಾಸು. ಬಾಟಲಿ ತೊಳೆಯುವುದಕ್ಕೆ ಅಷ್ಟು ಸಾಕು.

ಲ್ಯಾಬು ನಡೆಸುತ್ತಿದ್ದವರು ಲೆಕ್ಚರರ್ ಸುಜಾತಾ ಮೇಡಂ. ಬಿಕ್ಕೋಡಿನ ಕಾಫಿ ತೋಟದ ಕೂಲಿ ಲೈನ್ ಮನೆಯಲ್ಲಿ ಹುಟ್ಟಿ, ಎಂ.ಎಸ್ಸಿ. ಮಾಡಿ ಬಂದವರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಲೂಗಡ್ಡೆ ಗಿಡದ ಗೆಣ್ಣು ಕತ್ತರಿಸಿ, ಬಾಟಲಿಯೊಳಗಿನ ಗಟ್ಟಿ ಗಂಜಿಯಂಥ ಆಹಾರದಲ್ಲಿ ನೆಟ್ಟು, ರೋಗವಿಲ್ಲದ ಸಸಿ ಬೆಳೆಸುತ್ತಿದ್ದರು. ಇದಕ್ಕೆ ಟಿಶ್ಯೂ ಕಲ್ಚರ್ ಎನ್ನುತ್ತಾರೆ. ನೆಡುವುದು ಲ್ಯಾಮಿನಾರ್ ಫ್ಲೋ ಎಂಬ ಮೆಷಿನ್ನಿನ ಮುಂದೆ ಕೂತು. ಅದು ಸೋಸಿದ ಗಾಳಿ ಬೀಸುತ್ತದೆ. ಚೂರು ಧೂಳು ಸೇರಿದರೂ ಬಾಟಲಿಗೆ ಬೂಷ್ಟು. ದೀಪಾವಳಿಗೆ ಮೊದಲು ಯೂನಿವರ್ಸಿಟಿಯವರು ಬಂದು ಆ ಸಸಿಗಳನ್ನು ನೋಡಿ, ಕೋರ್ಸು ಉಳಿಸುವುದೋ ಮುಚ್ಚುವುದೋ ಹೇಳುವವರಿದ್ದರು. ಮುಚ್ಚಿದರೆ ಮೇಡಂ ಮನೆಗೆ.

ಆಯುಧಪೂಜೆಯ ಬೆಳಿಗ್ಗೆ ಪ್ರಿನ್ಸಿಪಾಲ್ ಗುರುಶಾಂತಪ್ಪನವರು ಬಂದರು. ಜಾವಗಲ್ಲಿನ ತೆಂಗಿನ ತೋಟದವರು, ಹಣೆ ತುಂಬ ವಿಭೂತಿ. ಹಿಂದೆ ಬೂದುಗುಂಬಳಕಾಯಿ, ಧೂಪ, ಚೆಂಡುಹೂವಿನ ಹಾರ ಹಿಡಿದ ಮೇಷ್ಟರ ದಂಡು. ಹೊಸ ಮೆಷಿನ್ನಿಗೆ ಆರತಿ ಎತ್ತಲೇಬೇಕೆಂದು ಹಟ. ಮೇಡಂ ಮುಖ ಬಿಳಿಚಿಕೊಂಡಿತು.

ನಾನು ಬಾಗಿಲಿಗೆ ಅಡ್ಡ ನಿಂತೆ.

"ಸಾರ್, ಒಳಗಿರೋವು ಎಳೆ ಕೂಸುಗಳು. ಬಾಣಂತಿ ಕೋಣೆ ಅಂದ್ಕಳಿ. ಧೂಳು ಕಾಲಲ್ಲಿ ಯಾರಾದ್ರೂ ನುಗ್ತಾರಾ?"

"ಏನಮ್ಮಾ ನಿಂಗಮ್ಮ, ಬಾಣಂತಿ ಕೋಣೆಗೆ ಸಾಂಬ್ರಾಣಿ ಹಾಕಲ್ವಾ? ನಾನೂ ಹೊಗೇನೇ ತಂದಿರೋದು, ಸರಿ ಅತ್ಲಾಗೆ!"

ಮೇಷ್ಟರೆಲ್ಲ ನಕ್ಕರು. ಆರು ಹೆತ್ತವಳು ನಾನು, ಆರಕ್ಕೂ ಸಾಂಬ್ರಾಣಿ ಹಾಕಿಸಿಕೊಂಡವಳೇ.

ಆಗ ಮೇಡಂ ಮುಂದೆ ಬಂದರು. "ಸಾರ್, ಪೂಜೆ ಬೇಡ ಅಂತಿಲ್ಲ. ಇದಕ್ಕೆ ನಾನು ದಿನಾ ಮಾಡೋ ಪೂಜೆ ಬೇರೆ ಥರ. ಇವತ್ತು ನೀವೇ ಮಾಡಿ. ಆದ್ರೆ ನನ್ನ ಕ್ರಮದಲ್ಲೇ."

ಹಾರ ಹೊರಬಾಗಿಲಿಗೆ ಹೋಯಿತು, ಕುಂಬಳಕಾಯಿ ಅಂಗಳದಲ್ಲಿ ಒಡೆಯಿತು. ಪ್ರಿನ್ಸಿಪಾಲರು ಕೈಕಾಲು ತೊಳೆದು ಬಂದರು. ಗೌನು, ಟೋಪಿ, ಮಾಸ್ಕು ನಾನೇ ತೊಡಿಸಿದೆ. ಗೌನಿನ ದಾರ ಅವರ ಹೊಟ್ಟೆ ಸುತ್ತಲು ಸಾಲದೆ ಪಿನ್ನು ಹಾಕಬೇಕಾಯಿತು. ಸ್ಪಿರಿಟ್ಟಿನಲ್ಲಿ ಕೈ ಒರೆಸಿ, ಆರಿದ ಮೇಲೆ ದೀಪ ಹಚ್ಚಿ, ಚಿಮಟ ಕಾಯಿಸಿ, ಒಂದು ಗೆಣ್ಣನ್ನು ಬಾಟಲಿಗೆ ಇಳಿಸುವಷ್ಟರಲ್ಲಿ ಬೆವತು ಹೋಗಿದ್ದರು. ಕೊನೆಗೆ ತಡೆಯಲಾರದೆ ಮಾಸ್ಕನ್ನು ಗದ್ದಕ್ಕೆ ಇಳಿಸಿ ಮಂತ್ರ ಹೇಳಿಯೇಬಿಟ್ಟರು. ಬಾಟಲಿಯ ಮೇಲೆ ತಮ್ಮ ಹೆಸರು ಬರೆಸಿ ಹೊರಬಂದಾಗ ಮುಖ ಮದುವೆ ಗಂಡಿನ ಹಾಗಿತ್ತು.

ಅಂದಿನಿಂದ ದಿನಾ ಬೆಳಿಗ್ಗೆ ಕಿಟಕಿಗೆ ಹಾಜರು. "ನಿಂಗಮ್ಮಾ, ನನ್ನ ಕೂಸು ಹೆಂಗೈತೆ?"

ವಾರ ಕಳೆಯುವುದರೊಳಗೆ ಆ ಕೂಸಿಗೆ ಬೂಷ್ಟು ಕಟ್ಟಿತು. ಮೇಡಂ ನೆಟ್ಟವು ಹಸಿರಾಗಿ ನಿಂತಿದ್ದವು. ಹೇಗೆ ಹೇಳುವುದೆಂದು ಮೇಡಂ ಒದ್ದಾಡಿದರು. ನಾನು ಬಾಟಲಿಯನ್ನೇ ಪ್ರಿನ್ಸಿಪಾಲರ ಟೇಬಲ್ಲಿಗೆ ಒಯ್ದಿಟ್ಟೆ.

"ನಿಮ್ದು ಕೆಟ್ಟೋಯ್ತು ಸಾರ್."

"ಅಷ್ಟೊಂದು ತೊಳ್ಕೊಂಡ್ನಲ್ಲಮ್ಮಾ!"

"ತೊಳ್ಕಂಡ್ರಿ. ಆಮೇಲೆ ಮಾಸ್ಕು ಇಳಿಸಿ ಮಂತ್ರ ಹೇಳುದ್ರಲ್ಲ, ಉಗುಳು ಹಾರಿರ್ತದೆ."

ಬಾಟಲಿ ತಿರುಗಿಸಿ ತಿರುಗಿಸಿ ನೋಡಿದರು. "ಹಂಗಾದ್ರೆ ಅವತ್ತು ಆ ಹೊಗೆ, ಆ ದಂಡು ಎಲ್ಲಾ ಒಳಕ್ಕೆ ಬಂದಿದ್ರೆ?"

"ಒಂದೂ ಉಳೀತಿರ್ಲಿಲ್ಲ."

ಯೂನಿವರ್ಸಿಟಿಯವರು ಬಂದ ದಿನ ಲ್ಯಾಬಿನ ಬಾಗಿಲಲ್ಲಿ ಗೌನುಗಳನ್ನು ಹಿಡಿದು ನಿಂತಿದ್ದವರು ಸ್ವತಃ ಪ್ರಿನ್ಸಿಪಾಲರು. ಬಂದವರಲ್ಲಿ ಒಬ್ಬರು, "ಸುಮ್ನೆ ಇಣುಕಿ ಹೋಗ್ತೀನಿ" ಎಂದರು.

"ಇಣುಕಂಗಿಲ್ಲ ಸಾರ್. ಮೊದ್ಲು ಕೈಕಾಲು ತೊಳೀರಿ. ನನ್ನ ಕೂಸೇ ಹೋಗೈತೆ ಇಲ್ಲಿ!"

ಪಾಪ, ಅವರು ಗಾಬರಿಯಾಗಿ, "ಅಯ್ಯೋ, ಯಾವಾಗ ಸಾರ್?" ಎಂದರು. ಮೇಡಂ ಗೋಡೆಗೆ ಮುಖ ಮಾಡಿ ನಕ್ಕಿದ್ದೇ ನಕ್ಕಿದ್ದು.

ಕೋರ್ಸು ಉಳಿಯಿತು, ಮೇಡಂ ಕೆಲಸವೂ. ಬಾಟಲಿ ತೊಳೆಯುವ ಕೆಲಸ ನನಗೆ ಕಲಿಸಿದ್ದು ಇಷ್ಟು: ದೊಡ್ಡವರನ್ನು ಬಾಗಿಲಲ್ಲಿ ತಡೆದು ವಾದಕ್ಕಿಳಿಯಬಾರದು. ಕೈಗೊಂದು ಚಿಮಟ ಕೊಟ್ಟು ಕೂರಿಸಬೇಕು. ಕೆಡಿಸಿದರೆ ಒಂದು ಬಾಟಲಿ ಕೆಡಿಸಿಯಾರು.