ಮುದುಕಿಯ ಹೊರಸು

ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮಣ್ಣಿನ ವಾಸನೆಯನ್ನು ಹೊಗಳಿದ ಹಾಗೆ ಅದನ್ನು ಯಾರೂ ಹೊಗಳುವುದಿಲ್ಲ. ಆದರೆ ನನ್ನ ಬಾಲ್ಯದ ವಾಸನೆ ಅದೇ. ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಡೊಂಬಿವಿಲಿಯ ಚಾಳೊಂದರಲ್ಲಿದ್ದೆವು. ಉಡುಪಿ ಕಡೆಯ ನಮ್ಮಪ್ಪ ನೌಪಾಡಾದ ಹೋಟೆಲೊಂದರಲ್ಲಿ ಮ್ಯಾನೇಜರ್. ಪಕ್ಕದ ಖೋಲಿಯ ಗಂಗವ್ವ ಬಿಜಾಪುರದವಳು, ಎದುರಿಗೆ ಏಳುತ್ತಿದ್ದ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದಳು. ಬೇಸಿಗೆಯ ಸಂಜೆ ಅವಳು ಬಟ್ಟೆ ಒಗೆದು ಉಳಿದ ನೀರನ್ನು ಗಚ್ಚಿಗೆ, ಅಂದರೆ ಚಾಳಿನ ತಾರಸಿಗೆ, ಚೆಲ್ಲುವಳು. ಕಾವು ಇಳಿದ ಮೇಲೆ ಎರಡೂ ಮನೆಯವರು ಅಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು.

ನನ್ನ ಅಜ್ಜಿ ಕುಳಿತವಳೇ ಮೊದಲು ಉತ್ತರಕ್ಕೆ ನೋಡುವಳು. ಅಲ್ಲಿ ಸಪ್ತರ್ಷಿಗಳು, ಅವರಲ್ಲಿ ವಸಿಷ್ಠರಿಗೆ ಒತ್ತಿಕೊಂಡ ಸಣ್ಣ ಚುಕ್ಕಿ ಅವರ ಹೆಂಡತಿ ಅರುಂಧತಿ. ಮದುವೆಯಲ್ಲಿ ವಧೂವರರಿಗೆ ತೋರಿಸುವುದು ಅದನ್ನೇ. ಅಜ್ಜಿಗೆ ಅದರ ಇನ್ನೊಂದು ಉಪಯೋಗವೂ ಗೊತ್ತಿತ್ತು: ಅರುಂಧತಿ ಕಾಣದಾದವರು ಆರು ತಿಂಗಳಲ್ಲಿ ಹೋಗಿಬಿಡುತ್ತಾರೆ. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಅವಳು ತುಂಬ ಹೊತ್ತು ನೋಡಿ, “ಪುಟ್ಟೀ, ವಸಿಷ್ಠರ ಹತ್ತಿರ ಅರುಂಧತಿ ಉಂಟಾ?” ಎಂದು ಕೇಳಿದಳು. ನಾನು “ಉಂಟಲ್ಲ ಅಜ್ಜಿ” ಎಂದೆ. “ನಂಗೆ ಕಾಣುದಿಲ್ಲ” ಎಂದು ಅವಳು ಚಾಪೆ ಸುತ್ತಿಕೊಂಡು ಕೆಳಗಿಳಿದಳು.

ಕಣ್ಣಿಗೆ ಪೊರೆ ಬಂದಿದೆ, ಆಪರೇಶನ್ ಮಾಡಿಸೋಣ ಎಂದು ಅಪ್ಪ ಹೇಳಿ ಹೇಳಿ ಸಾಕಾದರು. “ಆರು ತಿಂಗಳಿಗೆ ಕಣ್ಣು ಎಂತಕ್ಕೆ? ಊರಿನ ಬಸ್ಸಿಗೆ ಟಿಕೆಟ್ ಮಾಡು, ಅಲ್ಲೇ ಸಾಯ್ತೇನೆ” ಎಂದಳು ಅಜ್ಜಿ. ತನ್ನ ಬೆಳ್ಳಿ ಲೋಟವನ್ನು ನನಗೆ ಕೊಟ್ಟಳು. ಊಟ ಅರ್ಧಕ್ಕೆ ಇಳಿಯಿತು. ನಾನು ಹುಟ್ಟಿದಾಗಿನಿಂದ ಅವಳ ಪಕ್ಕದಲ್ಲೇ ಮಲಗಿದವಳು. ಹೋದರೆ ಅವಳು ತಿರುಗಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ‘ಉಂಟು’ ಎಂದ ನನ್ನ ಬಾಯಿಯ ಮೇಲೇ ನನಗೆ ಸಿಟ್ಟು. ನಳದ ಹತ್ತಿರ ಅಳುತ್ತ ನಿಂತವಳನ್ನು ಗಂಗವ್ವ ಕೇಳಿದಳು, ನಾನು ಎಲ್ಲ ಹೇಳಿಬಿಟ್ಟೆ.

ಆ ಸಂಜೆ ಗಂಗವ್ವ ಅಜ್ಜಿಯನ್ನು ಬಿಡದೆ ಗಚ್ಚಿಗೆ ಕರೆತಂದು ಪಕ್ಕದಲ್ಲಿ ಕೂತಳು.

“ಅವ್ವಾರ, ನಮ್ಮ ಕಡೆ ಅವಕ್ಕ ಋಷಿಗೋಳು ಅನ್ನಂಗಿಲ್ರಿ. ಅದು ಮುದುಕಿ ಹೊರಸು, ಆಕಿ ಮಲಗೂ ಮಂಚ. ನಾಕು ಚಿಕ್ಕಿ ಅದರ ಕಾಲು. ಹಿಂದ ಮೂರು ಮಂದಿ ಕಳ್ಳರು. ಮುದುಕಿ ಕಣ್ಣು ಮುಚ್ಚಿದ್ರ ಹೊರಸು ಎತ್ಗೊಂಡು ಹೋಗಬೇಕಂತ ನಿಂತಾರ. ಆಕಿ ಕಣ್ಣು ಮುಚ್ಚಂಗಿಲ್ಲ, ಇವರು ಹೋಗಂಗಿಲ್ಲ.”

“ಅದರಲ್ಲಿ ಅರುಂಧತಿ ಇಲ್ವಾ?”

“ಇಲ್ರಿ. ಕಳ್ಳರು ಕಾಣ್ತಾರಿಲ್ರಿ ನಿಮಗ?”

ಅಜ್ಜಿ ಬೆರಳು ಮಡಚಿ ಎಣಿಸಿದಳು. ಮೂವರೂ ಇದ್ದರು. “ಮುದುಕಿ ಎಲ್ಲಿ ಹಾಗಾದರೆ?”

“ಕಾಣಂಗಿಲ್ರಿ. ಆದ್ರ ಅದಾಳ.”

ಮರುದಿನ ಅಜ್ಜಿ ಬೆಳ್ಳಿ ಲೋಟವನ್ನು ನನ್ನಿಂದ ವಾಪಸು ಪಡೆದಳು. ಮಳೆಗಾಲಕ್ಕೆ ಮುಂಚೆ ಆಪರೇಶನ್ ಆಯಿತು. ದಪ್ಪ ಕನ್ನಡಕ ಬಂದ ಮೇಲೆ ಅರುಂಧತಿ ಕಂಡಳೋ ಇಲ್ಲವೋ, ಅಜ್ಜಿ ಹೇಳಲಿಲ್ಲ. ಅವಳು ಹುಡುಕಿದಂತೆಯೂ ಕಾಣಲಿಲ್ಲ. ಕಳ್ಳರನ್ನು ಎಣಿಸಿ, ಆಮೇಲೆ ಊಟಕ್ಕೆ ಏಳುವಳು. ಹೀಗೆ ಇನ್ನೂ ಏಳು ವರ್ಷ ಬದುಕಿದಳು.

ಎದುರಿನ ಕಟ್ಟಡ ಮುಗಿದದ್ದೇ ಗಂಗವ್ವ ಬೇರೆ ಕೆಲಸ ಹಿಡಿದು ಘಣಸೋಲಿಯ ಕಡೆ ಹೋದಳು. ನಾವು ವಿಳಾಸ ಕೇಳಲಿಲ್ಲ. ಆ ನೋವು ನನಗೆ ಇನ್ನೂ ಹೋಗಿಲ್ಲ. ಚಾಳನ್ನೂ ಒಡೆದು ಬಹಳ ಕಾಲವಾಯಿತು. ಈಗ ನಾನಿರುವುದು ಕಲ್ಯಾಣದಲ್ಲಿ. ಕಳೆದ ಬೇಸಿಗೆ ನೀರಿನ ಟಾಕಿ ತುಂಬಿ ಗಚ್ಚಿಯ ಮೇಲೆ ನೀರು ಹರಿದಾಗ ಆ ವಾಸನೆ ಬಂತು. ಮೊಮ್ಮಗನಿಗೆ ಹೊರಸು ತೋರಿಸಲು ಹೋದೆ. ಊರಿನ ದೀಪಗಳ ಬೆಳಕಿನಲ್ಲಿ ಸಿಕ್ಕಿದ್ದು ಎರಡು ಕಾಲು, ಒಬ್ಬ ಕಳ್ಳ. ಇದ್ದಷ್ಟರಲ್ಲೇ ಕಥೆ ಹೇಳಿದೆ.

“ಆಜಿ, ಮ್ಹಾತಾರಿ ಕುಠೆ ಆಹೆ?” ಮುದುಕಿ ಎಲ್ಲಿ ಎಂದು ಅವನು ಮರಾಠಿಯಲ್ಲಿ ಕೇಳಿದ.

ನನ್ನ ಬಾಯಿಗೆ ಬಂದದ್ದು ನಮ್ಮ ಮನೆಯ ಮಾತಲ್ಲ.

“ಕಾಣಂಗಿಲ್ಲಪ್ಪ. ಆದ್ರ ಅದಾಳ.”