ಎಡಗಡೆಯ ಗಾಜು

ನಲವತ್ತು ವರ್ಷ ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗಗಳನ್ನು ರಿಪೇರಿ ಮಾಡಿದವನು ನಾನು. ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲಾಗಿದೆ ಎಂದು ಹೇಳುತ್ತೇನೆ ಎಂದು ಜನ ಹೊಗಳುತ್ತಿದ್ದರು. ಹೊಗಳಿದವರು ಮರೆತಿರಬಹುದು, ನಾನು ಮಾತ್ರ ಮರೆತಿಲ್ಲ. ಹೀಗಾಗಿ ಹೋದ ವರ್ಷ ಹಳೆಯ ಕಾರೊಂದನ್ನು ಕೊಂಡಾಗ, ಇದರ ರಿಪೇರಿಗೆ ಮೆಕ್ಯಾನಿಕ್ಕನ ಮುಖ ನೋಡುವುದಿಲ್ಲ ಎಂದು ಮೊದಲ ದಿನವೇ ಮನೆಯಲ್ಲಿ ಸಾರಿಬಿಟ್ಟೆ.

ಕಾರು ಕೊಂಡದ್ದು ಹೆಂಡತಿಯ ದಮ್ಮಿಗಾಗಿ. ಅವಳಿಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಸಾಲುವುದಿಲ್ಲ. ತಿಂಗಳಿಗೊಮ್ಮೆ ಮುಧೋಳದ ಡಾಕ್ಟರ ಹತ್ತಿರ ಹೋಗಬೇಕು. ಕಬ್ಬಿನ ಹಂಗಾಮಿನಲ್ಲಿ ಆ ದಾರಿಯ ಸುದ್ದಿ ಕೇಳಬೇಡಿ. ಮುಂದೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು, ಹಿಂದೆ ಧೂಳು, ಧೂಳಿನೊಳಗೆ ನಾವು. ಡಾಕ್ಟರು ಕೊಟ್ಟ ಔಷಧ ಬಸ್ಸು ಮಹಾಲಿಂಗಪುರ ಮುಟ್ಟುವುದರೊಳಗೆ ಸೋತುಹೋಗುತ್ತಿತ್ತು. ಈ ಹಾದಿಯ ಧೂಳೇ ಅವಳ ಎದೆಯನ್ನು ಕೆಡಿಸಿದ್ದು ಎಂಬುದು ನನ್ನ ತೀರ್ಮಾನ. ಡಾಕ್ಟರು ಕೇಳಿದಾಗಲೆಲ್ಲ ಅದನ್ನೇ ಹೇಳುತ್ತಿದ್ದೆ. ಆದ್ದರಿಂದ ಕಾರು ಕೊಳ್ಳುವಾಗ ಎಂಜಿನ್ನಿನ ಕಡೆ ಹೆಚ್ಚು ನೋಡಲಿಲ್ಲ. ಗುಂಡಿ ಒತ್ತಿ ನಾಲ್ಕೂ ಗಾಜು ಏರಿಸಿ ಇಳಿಸಿ, ಬಿಗಿಯಾಗಿ ಮುಚ್ಚಿಕೊಂಡವು ಎಂದ ಮೇಲೆ ಹೂಂ ಅಂದೆ.

ಓಣಿಯಲ್ಲಿ ನಿಲ್ಲಿಸಿದರೆ ಧೂಳು ಕೂರುತ್ತದಲ್ಲ, ಅದಕ್ಕೆ ಕಾರನ್ನು ನಮ್ಮ ಸ್ವಂತ ನಾಲ್ಕು ಮಗ್ಗಗಳಿದ್ದ ಮಗ್ಗದ ಮನೆಯೊಳಗೇ ನಿಲ್ಲಿಸಿದೆ. ಮಾರಿದ ಎರಡು ಮಗ್ಗಗಳ ಜಾಗ ಖಾಲಿಯಿತ್ತು. ಉಳಿದ ಎರಡು ಪಕ್ಕದಲ್ಲೇ ಖಟಖಟ ಓಡುತ್ತಿದ್ದವು.

ಇನ್ನು ಎಣ್ಣೆಯ ವಿಷಯ. ಬೆಳಗ್ಗೆ ಮಗ್ಗ ಚಾಲೂ ಮಾಡುವ ಮೊದಲು, ತಿರುಗುವ, ಸರಿಯುವ, ಉಜ್ಜುವ ಕಡೆಗಳಿಗೆಲ್ಲ ಹನಿ ಹನಿ ಎಣ್ಣೆ ಬಿಡುವುದು ನಮ್ಮಲ್ಲಿ ದೇವರ ಮುಂದೆ ದೀಪ ಹಚ್ಚಿದಷ್ಟೇ ರೂಢಿ. ಕಾರಿನ ಗಾಜೂ ಸರಿಯುವ ವಸ್ತುವೇ. ರಬ್ಬರಿನ ಸಂದಿಯಲ್ಲಿ ಏರುತ್ತದೆ, ಇಳಿಯುತ್ತದೆ. ಹೆಂಡತಿ ಕೂರುವುದು ಮುಂದೆ ಎಡಗಡೆ. ಆ ಗಾಜಿನ ಸಂದಿಗೆ ಪ್ರತಿ ಸೋಮವಾರ ಮಗ್ಗದ ಎಣ್ಣೆ ಬಿಟ್ಟೆ. ಉಳಿದ ಮೂರಕ್ಕೆ ಬಿಡಲಿಲ್ಲ, ಅವುಗಳ ಮೇಲೆ ನನಗೆ ಅಷ್ಟು ಪ್ರೀತಿ ಇರಲಿಲ್ಲ. ಕೆಲವು ತಿಂಗಳಲ್ಲಿ ಎಡಗಡೆಯ ಗಾಜು ನಿಧಾನವಾಯಿತು. ಎಣ್ಣೆ ಕಡಿಮೆಯಾಗಿದೆ ಎಂದುಕೊಂಡು ಗುರುವಾರವೂ ಬಿಟ್ಟೆ.

ಒಂದು ದಿನ ಮುಧೋಳದಿಂದ ಬರುವಾಗ ಪೇರಲ ಹಣ್ಣು ಕೊಳ್ಳಲು ಅವಳು ಗಾಜು ಇಳಿಸಿದಳು. ಇಳಿದದ್ದು ಮೇಲೇಳಲಿಲ್ಲ. ಗುಂಡಿ ಒತ್ತಿದರೆ ಒಳಗೆ ಮೋಟರ್ ನರಳುತ್ತಿತ್ತು, ಅಷ್ಟೇ. ಮುಂದೆ ಕಬ್ಬಿನ ಟ್ರ್ಯಾಕ್ಟರು. ಸೆರಗು ಮೂಗಿಗೆ ಒತ್ತಿಕೊಂಡು ಅವಳು ಮನೆಯವರೆಗೂ ಕೆಮ್ಮಿದಳು. ನನಗೆ ಟ್ರ್ಯಾಕ್ಟರಿನವನ ಮೇಲೆ ಸಿಟ್ಟು ಬಂತು.

ಮನೆಗೆ ಬಂದು ನನ್ನ ವಿದ್ಯೆಯನ್ನೆಲ್ಲ ತೆಗೆದೆ. ಫ್ಯೂಸ್ ಬದಲಿಸಿದೆ. ಎಡಗಡೆಯ ಸ್ವಿಚ್ಚು ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕಿ ನೋಡಿದೆ. ಬಲಗಡೆಯ ಗಾಜು ಯಾವ ಸ್ವಿಚ್ಚಾದರೂ ಏರಿತು, ಎಡಗಡೆಯದು ಯಾವುದಕ್ಕೂ ಜಗ್ಗಲಿಲ್ಲ. ಬಾಗಿಲಿಗೆ ಕಿವಿ ಹಚ್ಚಿ ಕೂತೆ. ನಲವತ್ತು ವರ್ಷದ ಕಿವಿಗೆ ಏನೂ ತಿಳಿಯಲಿಲ್ಲ. ಮುಂದಿನ ತಿಂಗಳು ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು ಹೊರಟೆವು. ಹಾಳೆ ಪಟಪಟ ಬಡಿದು ಮಹಾಲಿಂಗಪುರದ ಹತ್ತಿರ ಹರಿದು ಹಾರಿಹೋಯಿತು.

"ಮೆಕ್ಯಾನಿಕ್ ಕಡೆ ಹೋಗೂಣೋ, ಇಲ್ಲಾ ನಾ ಇಳದು ಬಸ್ಸಿಗಿ ಹೋಗ್ಲೋ?" ಎಂದಳು.

ಹೋದೆವು. ನಲವತ್ತರ ಆಸುಪಾಸಿನ ಮೆಕ್ಯಾನಿಕ್ಕು ಬಾಗಿಲಿನ ಒಳಹಲಗೆ ಬಿಚ್ಚಿ, ಮೋಟರಿನ ವಯರಿಗೆ ಸಣ್ಣ ಬಲ್ಬು ಹಚ್ಚಿದ. ಬಲ್ಬು ಉರಿಯಿತು. ಗಾಜನ್ನು ಹಿಡಿದ ಬೋಲ್ಟು ಬಿಚ್ಚಿ ಗುಂಡಿ ಒತ್ತಿದ. ಮೋಟರ್ ಸಲೀಸಾಗಿ ಓಡಿತು.

"ಕರೆಂಟ್ ಬರಾಕತ್ತೈತ್ರಿ, ಮೋಟರ್ ಛಲೋ ಐತಿ. ಗಾಜ ಹಿಡಕೊಂಡೈತಿ," ಎಂದು ಸಂದಿಯ ರಬ್ಬರನ್ನು ಎಳೆದ. ಅದು ಬಾತುಕೊಂಡಿತ್ತು. "ಕಾಕಾರ, ಇದಕ್ಕ ಎಣ್ಣಿ ಹಾಕಿದವರು ಯಾರ್ರಿ? ರಬ್ಬರಿಗಿ ಎಣ್ಣಿ ಹಾಕಬಾರದ್ರಿ."

ನಾನು ರಸ್ತೆಯ ಕಡೆ ನೋಡಿದೆ.

"ಮನ್ಯಾಗ ಎಣ್ಣಿ ಹಾಕದ ಒಂದ್ ಬೀಗಾನೂ ಬಿಟ್ಟಿಲ್ಲರಿ ಇವರು," ಎಂದಳು ಹೆಂಡತಿ.

ಅವನು ಸಂದಿಯೊಳಗೆ ಸ್ಕ್ರೂ ಡ್ರೈವರ್ ತೂರಿಸಿ ಗೀರಿದ. ಎಣ್ಣೆಯಲ್ಲಿ ನೆನೆದ ಬೂದು ಬಣ್ಣದ ಹತ್ತಿ ಬಂತು. ಬಂತು ಎಂದರೆ ಬರುತ್ತಲೇ ಇತ್ತು. ಬಾಗಿಲಿನ ತಳಕ್ಕೆ ಕೈ ಹಾಕಿ ಮುಷ್ಟಿ ತುಂಬ ತೆಗೆದ.

"ಇಷ್ಟು ಹತ್ತಿ ಎಲ್ಲಿಂದ ಬಂತ್ರಿ?"

"ಮಗ್ಗದ ಮನ್ಯಾಗ ನಿಂದರಸ್ತೀವಿ," ಎಂದೆ.

"ಎಷ್ಟು ವರ್ಷ ಆತ್ರಿ?"

"ಒಂದು ವರ್ಷಾನೂ ಆಗಿಲ್ಲ."

ಅವನು ಮುದ್ದೆಯನ್ನು ಹಳೆಯ ಪೇಪರಿನ ಮೇಲಿಟ್ಟ. ಅವಳು ಬಗ್ಗಿ ಅದನ್ನು ನೋಡಿದಳು. ಇದೇ ಮಗ್ಗದ ಮನೆಯ ಮೂಲೆಯಲ್ಲಿ ಮೂವತ್ತು ವರ್ಷ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿದವಳು ಅವಳು. ಸುತ್ತಿದ್ದು ನಮ್ಮ ಮಗ್ಗಗಳಿಗೆ, ನಾನು ಎಣ್ಣೆ ಬಿಟ್ಟು ಓಡಿಸುತ್ತಿದ್ದ ಮಗ್ಗಗಳಿಗೆ. ಇಷ್ಟು ವರ್ಷ ಇದು ನನಗೆ ಹೊಳೆಯಲಿಲ್ಲವೋ, ಹೊಳೆಯುವುದು ಬೇಡವಾಗಿತ್ತೋ, ಈಗಲೂ ಗಟ್ಟಿಯಾಗಿ ಹೇಳಲಾರೆ.

ಹೊಸ ರಬ್ಬರ್ ಹಾಕಿದ ಮೇಲೆ ಗಾಜು ಮೇಲಿನವರೆಗೆ ಏರಿ ಮುಚ್ಚಿಕೊಂಡಿತು. ಗಾಜು ಮುಚ್ಚಿಕೊಂಡೇ ಮುಧೋಳ ಮುಟ್ಟಿದೆವು.

ಡಾಕ್ಟರು ಎದೆಗೆ ಯಂತ್ರ ಹಚ್ಚಿ ಕೇಳಿ, "ಮತ್ತ ಧೂಳಾಗ ಅಡ್ಡಾಡಿದ್ರೇನು?" ಎಂದರು. ಅದಕ್ಕೆ ಉತ್ತರ ಕೊಡುವವನು ಯಾವಾಗಲೂ ನಾನು. ಆ ದಿನ ನಾನು ಅವಳ ಕಡೆ ನೋಡಿದೆ.

"ಹಾದಿ ಧೂಳ ಅಲ್ಲರಿ ಇದು," ಎಂದಳು ಅವಳು. "ಮಗ್ಗದ ಹತ್ತಿ ಧೂಳರಿ. ನಂಗ ಮೊದಲಿನಿಂದ ಗೊತ್ತೈತಿ."

"ಹಂಗಾದ್ರ ಇಷ್ಟು ದಿನ ಯಾಕ ಹೇಳಲಿಲ್ಲವ್ವಾ?"

"ನನ್ನ ಯಾರು ಕೇಳಿದ್ರರಿ? ಇವರೇ ಹೇಳ್ತಿದ್ರಲ್ಲ," ಎಂದು ಅವಳು ಸೆರಗು ಸರಿಮಾಡಿಕೊಂಡಳು.